ಗಿಣಿಹಸಿರು ಅಂಚಿನ ಪಂಚೆ

ಹಾಸನೂರು
12 ಜನವರಿ 2025

ನಟರಾಜಣ್ಣನಿಗೆ ಸುಧಾಮಣಿ ಮಾಡುವ ನಮಸ್ಕಾರ.

ಕಾಗದ ಕಂಡು ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನಿರುವಾಗ ಕಾಗದವೇಕೆ ಎಂದು ಶೈಲಶ್ರೀ ಅತ್ತಿಗೆ ನಗಬಹುದು. ನಿಮ್ಮ ಮನೆಯಲ್ಲಿ ಜಗುಲಿಯ ಮೂಲೆಗೆ ಮಾತ್ರ ಸಿಗ್ನಲ್ ಬರುತ್ತದಂತೆ, ನೀನು ಅಲ್ಲಿ ನಿಂತು ಸ್ಪೀಕರ್ ಹಾಕಿಯೇ ಮಾತಾಡುತ್ತೀಯಂತೆ. ನಾನು ಕೇಳಬೇಕಾದ ಮಾತನ್ನು ಅವ್ವನೂ ಬೀದಿಯ ಎಮ್ಮೆಗಳೂ ಕೇಳಿಸಿಕೊಳ್ಳುವುದು ಬೇಡ. ಅವ್ವನಿಗೆ ಓದು ಬರುವುದಿಲ್ಲ ಎಂಬುದು ಈ ವಯಸ್ಸಿನಲ್ಲಿ ನನಗೆ ಉಪಕಾರವಾಯಿತು ನೋಡು.

ದೀಪಾವಳಿಯ ಹೊತ್ತಿಗೆ ಅವ್ವ ಹಾಸಿಗೆ ಹಿಡಿದಿದ್ದಳು, ಈಗ ಎದ್ದು ಓಡಾಡುತ್ತಿದ್ದಾಳೆ ಎಂದು ಅಪ್ಪನ ಕಾಲದಿಂದ ನಿಮ್ಮ ಮನೆಗೆ ದುಡಿಯುವ ಜವರ ನಮ್ಮ ಟೀ ಅಂಗಡಿಯಲ್ಲಿ ಕೂತು ಹೇಳಿದ. ಅವನು ಹೇಳದಿದ್ದರೆ ನನಗೆ ಹೇಳುವವರು ಯಾರು? ಅವತ್ತಿನಿಂದ ಒಂದೇ ಯೋಚನೆ. ನಾಳೆ ಅವ್ವನಿಗೆ ಹೆಚ್ಚುಕಡಿಮೆಯಾದರೆ ನಾನು ಮನೆಯೊಳಗೆ ಬರಬೇಕೋ, ಅಪ್ಪ ಸತ್ತಾಗ ಮಾಡಿದ ಹಾಗೆ ಊರಾಚೆ ನಿಂತು ತಮಟೆ ಸದ್ದು ಕೇಳಿಕೊಂಡು ಹಿಂದಿರುಗಬೇಕೋ? ಬೇರೆ ಜಾತಿಯ ಸಿದ್ದೇಶನನ್ನು ಕಟ್ಟಿಕೊಂಡು ಹೋದವಳು ನಾನು, ನಿಜ. ಆದರೆ ಹೆತ್ತವರನ್ನು ಬಿಟ್ಟುಕೊಟ್ಟು ಹೋದವಳಲ್ಲ.

ಅಪ್ಪ ಸತ್ತ ದಿನ ಜವರನ ಕೈಯಲ್ಲಿ ಒಂದು ಪಂಚೆ ಕಳಿಸಿದ್ದೆ. ಗಿಣಿಹಸಿರು ಅಂಚಿನದು. ಬಂದ ನೆಂಟರೆಲ್ಲ ಅಪ್ಪನ ಮೈಮೇಲೆ ಹೊದಿಸಿದ ಬಟ್ಟೆ ಅಪ್ಪನ ಜೊತೆಯೇ ಮಣ್ಣಿಗೆ ಹೋಯಿತು. ನನ್ನದು? ‘ಅಪ್ಪಾರ ತೊಡ ಮ್ಯಾಲ ಆಕುದ್ದ ನಾನೇ ಕಣ್ಣಾರ ನೋಡ್ದಿ ಕಣವ್ವ’ ಎಂದು ಜವರ ಇವತ್ತಿಗೂ ಹೇಳುತ್ತಾನೆ. ನೀನು ತಾಳವಾಡಿ ಸಂತೆಯಲ್ಲಿ ಸಿಕ್ಕಾಗ ಆಚೆ ನೋಡಿಕೊಂಡು ‘ಇಲ್ಲ, ಮೈ ಮ್ಯಾಲ ಇರ್ನಿಲ್ಲ’ ಎಂದೆ. ಇಬ್ಬರಲ್ಲಿ ಒಬ್ಬರು ಸುಳ್ಳು. ಅಪ್ಪನ ಮೈಮೇಲೆ ನನ್ನ ಬಟ್ಟೆ ಬಿದ್ದಿದ್ದರೆ ನಾನು ಆ ಮನೆಯ ಮಗಳು, ಯಾರು ತಡೆದರೂ ಬರುತ್ತೇನೆ. ಬೀಳದಿದ್ದರೆ ಇಲ್ಲ.

ಸಾವಿನ ದಿನದ ವೀಡಿಯೋ ಟೇಪು ನಿಮ್ಮ ಅಟ್ಟದಲ್ಲಿದೆ. ಹಾಕಿ ನೋಡುವ ಮಿಷನ್ ಈಗ ಯಾರ ಮನೆಯಲ್ಲೂ ಇಲ್ಲ. ಸತ್ಯಮಂಗಲದ ಒಂದು ಸ್ಟುಡಿಯೋದಲ್ಲಿ ಹಳೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುತ್ತಾರೆ. ನಿನ್ನ ಮದುವೆಯ ಟೇಪನ್ನೂ ಕಳಿಸು, ಎರಡನ್ನೂ ಮಾಡಿಸಿಕೊಡುತ್ತೇನೆ.

ಇಂತಿ, ನಿನ್ನ ತಂಗಿ ಹೌದೋ ಅಲ್ಲವೋ ಟೇಪು ನೋಡಿ ತಿಳಿಯಬೇಕಾದ
ಸುಧಾಮಣಿ


ತಿಗನಾರೆ
3 ಫೆಬ್ರವರಿ 2025

ಸುಧಾಮಣಿಗೆ,

ಕಾಗದ ತಲುಪಿತು. ನಮ್ಮೂರ ಅಂಚೆಯವನು ಲಗ್ನಪತ್ರಿಕೆ ಬಿಟ್ಟು ಬೇರೇನೂ ತಂದವನಲ್ಲ. ಯಾರ ಮದುವೆ ಎಂದು ಅವ್ವ ಕೇಳಿದಳು. ದೂರದವರದು ಎಂದೆ.

ಅಟ್ಟ ಹತ್ತಿ ಬಿತ್ತನೆ ಬೆಳ್ಳುಳ್ಳಿಯ ಹಿಂದೆಲ್ಲ ತಡಕಿದೆ. ನನ್ನ ಮದುವೆಯ ಟೇಪನ್ನು ಇಲಿ ಹರಿದು ಅದರಲ್ಲೇ ಗೂಡು ಕಟ್ಟಿ ಸಂಸಾರ ಹೂಡಿತ್ತು. ನೀವು ಹೂಡಿದ್ದಕ್ಕಿಂತ ಚೆನ್ನಾಗಿಯೇ ಹೂಡಿದೆ ಎಂದಳು ನಿನ್ನ ಅತ್ತಿಗೆ. ಹಾಗಾಗಿ ಒಂದೇ ಕ್ಯಾಸೆಟ್ಟು ಉಳಿದಿದೆ. ಅದರ ರೀಲಿನ ಮೇಲೂ ಬಿಳಿ ಬೂಷ್ಟು ಹಿಡಿದಿದೆ. ಟವೆಲಿನಲ್ಲಿ ಸುತ್ತಿ ಜವರನ ಕೈಗೆ ಕೊಟ್ಟಿದ್ದೇನೆ. ಮೇಲೆ ‘ಅಪ್ಪ’ ಎಂದು ಬರೆದಿರುವುದು ನನ್ನದೇ ಅಕ್ಷರ.

ಬಟ್ಟೆಯ ವಿಷಯಕ್ಕೆ ಬಂದರೆ, ಜವರ ಸುಳ್ಳು ಹೇಳುವವನಲ್ಲ. ನಾನೂ ಹೇಳಿಲ್ಲ. ಇದಕ್ಕಿಂತ ಹೆಚ್ಚು ಕೆದಕಬೇಡ. ಅವತ್ತು ನೀನು ಅಪ್ಪನ ಮುಖ ನೋಡಲಿಲ್ಲ, ಈಗಲಾದರೂ ನೋಡು ಎಂದಷ್ಟೇ ಕಳಿಸುತ್ತಿದ್ದೇನೆ. ಮುಖ ನೋಡು. ಉಳಿದದ್ದು ನೋಡಬೇಡ.

ನಟರಾಜ


ಹಾಸನೂರು
18 ಮಾರ್ಚ್ 2025

ಅಣ್ಣಾ,

ಅಳಬೇಕೋ ನಗಬೇಕೋ ಗೊತ್ತಾಗದೆ ಎರಡನ್ನೂ ಮಾಡಿ ಮುಗಿಸಿ ಈ ಕಾಗದ ಬರೆಯುತ್ತಿದ್ದೇನೆ.

ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ನಾನೇ ಹೋಗಿ ತಂದೆ. ಬೂಷ್ಟನ್ನು ಒರೆಸಿ ಒರೆಸಿ ಓಡಿಸಿದರಂತೆ. ರೀಲಿನ ಮೇಲಂಚು ಪೂರಾ ಹಾಳಾಗಿದೆ. ಸದ್ದು ಇರುವುದು ಆ ಅಂಚಿನಲ್ಲೇ ಅಂತೆ. ಚಿತ್ರ ಉಳಿದಿದೆ, ಸದ್ದು ಹೋಗಿದೆ. ಕೊನೆಯ ಭಾಗ ಬರಲೇ ಇಲ್ಲ, ಅಪ್ಪನನ್ನು ಎತ್ತುವಲ್ಲಿಗೆ ನಿಂತುಹೋಗುತ್ತದೆ.

ಸ್ಟುಡಿಯೋದವನು ಕೆಳಗಿನ ತಮಿಳು ಸೀಮೆಯವನು. ಅವರ ಕಡೆ ಸತ್ತವರನ್ನು ಮಲಗಿಸುತ್ತಾರೆ. ನಮ್ಮವರು ಕೂರಿಸಿಯೇ ಮಣ್ಣು ಮಾಡುತ್ತಾರೆ ಎಂದು ಅವನಿಗೆ ಯಾರು ಹೇಳಬೇಕು? ಬಾಳೆಕಂದಿನ ಮಂಟಪ, ಹಣೆ ತುಂಬ ವಿಭೂತಿ, ಕೊರಳು ತುಂಬ ಹಾರ, ಚಕ್ಕಳಮಕ್ಕಳ ಹಾಕಿ ಕೂತ ಯಜಮಾನರು. ಬಂದವರೆಲ್ಲ ಅಡ್ಡಬೀಳುತ್ತಾರೆ, ಒಂದರ ಮೇಲೊಂದು ಬಟ್ಟೆ ಹೊದಿಸುತ್ತಾರೆ. ಅವನು ಅಪ್ಪನಿಗೆ ಅರವತ್ತು ತುಂಬಿದ ಸಮಾರಂಭ ಅಂದುಕೊಂಡಿದ್ದಾನೆ. ಶುರುವಿನಲ್ಲೇ ಬಂಗಾರದ ಅಕ್ಷರದಲ್ಲಿ ‘ಮಣಿವಿಳಾ’ ಎಂದು ಬರೆದು, ಉದ್ದಕ್ಕೂ ನಾದಸ್ವರ ತುಂಬಿಸಿದ್ದಾನೆ. ‘ಅಯ್ಯಾ ತುಂಬ ಗಂಭೀರ, ಒಂದ್ಸಲಾನೂ ಕಣ್ಣು ಬಿಡಲಿಲ್ಲ’ ಎಂದು ನನ್ನೆದುರೇ ಮೆಚ್ಚಿಕೊಂಡ. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಆನಂದಕ್ಕೆ ಅಂತೆ. ತಲೆಯಾಡಿಸಿ, ದುಡ್ಡು ಕೊಟ್ಟು ಬಂದೆ. ಮನೆಯಲ್ಲಿ ಹಾಕಿದಾಗ ನಮ್ಮ ಮನೆಯವರು ನಗು ತಡೆಯಲಾರದೆ ಎದ್ದು ಹಿತ್ತಲಿಗೆ ಹೋದರು.

ಆದರೆ ಅಣ್ಣಾ, ನಡುವೆ ಒಂದು ಕಡೆ ಅವ್ವ ಬರುತ್ತಾಳೆ. ಹಚ್ಚೆಯ ಕೈ, ಬಾಗಿದ ಮುಖ. ಎರಡು ಕೈಯಲ್ಲೂ ನನ್ನ ಪಂಚೆ. ಆ ಅಂಚು ನನಗೆ ಗೊತ್ತಿಲ್ಲವೇ? ಮೆಲ್ಲಗೆ ಅಪ್ಪನ ತೊಡೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಇನ್ನೊಂದು ಕೇಳು. ಅವಳು ಹೊದಿಸುವಾಗ ಅಪ್ಪನ ಮಡಿಲಿನಿಂದ ಒಂದು ಹೂವಿನ ಎಸಳು ತಾನೇ ಮೇಲೆದ್ದು ಕೊರಳ ಹಾರಕ್ಕೆ ಸೇರಿಕೊಂಡಿತು. ದೇವರ ತಲೆಯಿಂದ ಹೂ ಬಿದ್ದರೆ ಪ್ರಸಾದ ಅನ್ನುತ್ತೇವೆ. ಹೂ ಮೇಲಕ್ಕೆ ಹೋದರೆ ಏನನ್ನಬೇಕೋ ನನಗೆ ತಿಳಿಯದು. ಕೈ ಮುಗಿದೆ.

ನೀನು ಇಷ್ಟು ವರ್ಷ ನನಗೆ ಸುಳ್ಳು ಹೇಳಿದೆ. ಹೆತ್ತವ್ವ ತನ್ನ ಕೈಯಾರೆ ಹೊದಿಸಿದ್ದನ್ನು ಇಲ್ಲ ಎಂದೆ. ನಿನಗೆ ಅದರಿಂದ ಏನು ಸಿಕ್ಕಿತೋ ಕಾಣೆ. ಇರಲಿ. ಯುಗಾದಿಗೆ ಬರುತ್ತೇನೆ ಎಂದು ಅವ್ವನಿಗೆ ಹೇಳು. ಪೆನ್‌ಡ್ರೈವು ಕಳಿಸಿದ್ದೇನೆ, ಅವಳಿಗೂ ತೋರಿಸು.

ಆ ಮನೆಯ ಮಗಳು
ಸುಧಾಮಣಿ


ತಿಗನಾರೆ
9 ಏಪ್ರಿಲ್ 2025

ಸುಧಾಮಣಿಗೆ ಆಶೀರ್ವಾದ.

ಯುಗಾದಿಗೆ ಬರುವುದು ಬೇಡ ಎಂದು ಜವರನ ಕೈಲಿ ಹೇಳಿ ಕಳಿಸಿದ್ದಕ್ಕೆ ಸಿಟ್ಟಾಗಿರುತ್ತೀ. ಬೇವು ನಿಮ್ಮ ಮನೆಯಲ್ಲೂ ಕಹಿಯಾಗಿಯೇ ಇರುತ್ತದೆ, ಅಲ್ಲೇ ತಿಂದಿರುತ್ತೀ.

ಟಿ.ವಿ.ಗೆ ಹಾಕಿದೆವು. ವಾದ್ಯದ ಸದ್ದು ಕೇಳಿ ಅವ್ವ ‘ಯಾರ್ ಮದ್ವ ಲಾ ಇದು’ ಎಂದು ಕೇಳಿಕೊಂಡು ಒಳಗಿಂದ ಬಂದಳು. ಅಪ್ಪನ ಮುಖ ಕಂಡು ಕೂತಳು. ಸ್ಟುಡಿಯೋದವನ ತಪ್ಪನ್ನು ಹೇಳಿದಾಗ, ‘ಅರವತ್ತ ಕಾಣ್ದೇ ಓದ್ರು, ಇವ್ನಾರ ಮಾಡ್ಸುದ್ನಲ್ಲ’ ಎಂದಳು. ನೀನು ಬರೆದ ಆ ಜಾಗ ಬಂದಾಗ ಮುಂದಕ್ಕೆ ಬಾಗಿ ನೋಡಿದಳು. ಮುಗಿದ ಮೇಲೆ ‘ಅದೊಂದ ಇನ್ನೊಂದ್ಸಲ ಆಕು’ ಎಂದಳು. ಹಾಕಿದೆ.

ನೀನೇ ಹೊದಿಸಿದೆ ಎಂದು ಸುಧಾಮಣಿಗೆ ಬಹಳ ಸಂತೋಷವಾಗಿದೆಯಂತೆ ಎಂದೆ. ಅವ್ವ ಎಲೆಯಡಿಕೆ ತೆಗೆದು ಬಾಯಿ ತುಂಬ ಹಾಕಿಕೊಂಡಳು. ಅವಳ ಬಾಯಿ ಖಾಲಿಯಾಗುವವರೆಗೆ ಕಾಯುವಷ್ಟು ಧೈರ್ಯ ನನಗಿರಲಿಲ್ಲ, ಹೊಲದ ಕಡೆ ಹೊರಟೆ.

ಆ ಸ್ಟುಡಿಯೋಕ್ಕೆ ಮತ್ತೆ ಹೋಗಬೇಡ. ನಿನಗೆ ಬೇಕಾದದ್ದು ಸಿಕ್ಕಿದೆ. ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು ಸುಮ್ಮನಿರು.

ನಿನ್ನ ಅಣ್ಣ
ನಟರಾಜ


ಹಾಸನೂರು
14 ಮೇ 2025

ಅಣ್ಣನಿಗೆ,

ಹೋಗಬೇಡ ಎಂದೆ. ಹೋದೆ. ನಿನ್ನ ಮಾತು ಮೀರಬೇಕೆಂದಲ್ಲ. ಸತ್ತ ಅಪ್ಪನ ತಲೆಯ ಮೇಲೆ ಆ ಬಂಗಾರದ ಅಕ್ಷರ ಕುಣಿಯುವುದನ್ನು ಎಷ್ಟು ಸಲ ನೋಡಲಿ? ಅಕ್ಷರ ಬೇಡ, ನಾದಸ್ವರ ಬೇಡ, ಟೇಪಿನಲ್ಲಿ ಇದ್ದ ಹಾಗೆಯೇ ಇಳಿಸಿಕೊಡಿ ಎಂದು ಕೇಳಿದೆ. ಆ ಮನುಷ್ಯನಿಗೆ ಆಗ ವಿಷಯ ಹೇಳಬೇಕಾಯಿತು. ಕೂತಲ್ಲಿಂದ ಎದ್ದು ನಿಂತುಬಿಟ್ಟ. ಕ್ಷಮಿಸಬೇಕಮ್ಮ ಎಂದು ಎಷ್ಟು ಸಲ ಅಂದನೋ. ಇದ್ದ ಹಾಗೆಯೇ ಇಳಿಸಿಕೊಟ್ಟ.

ಇದ್ದ ಹಾಗೆ ಹೀಗಿದೆ. ಮೊದಲು ನೀನು ಬರುತ್ತೀ. ಆಗ ನಿನಗೆ ತಲೆತುಂಬ ಕೂದಲು. ಜವರನ ಕೈಯಿಂದ ಪಂಚೆ ತೆಗೆದುಕೊಂಡು, ಕೊಡವಿ, ಅಪ್ಪನ ತೊಡೆಯ ಮೇಲೆ ಹೊದಿಸುತ್ತೀ. ಮೂಲೆ ಸರಿಮಾಡುತ್ತೀ. ಜವರ ಕೈಮುಗಿದು ಹೋಗುತ್ತಾನೆ. ಆಮೇಲೆ ಪಕ್ಕದಿಂದ ಹಚ್ಚೆಯ ಕೈ ಬರುತ್ತದೆ. ಪಂಚೆಯನ್ನು ಹಿಡಿದು ಎಳೆದುಕೊಳ್ಳುತ್ತದೆ. ಎಳೆದ ಜೋರಿಗೆ ಹಾರದಿಂದ ಒಂದು ಎಸಳು ಉದುರಿ ಅಪ್ಪನ ಮಡಿಲಿಗೆ ಬೀಳುತ್ತದೆ. ನಾನು ಕೈಮುಗಿದದ್ದು ಆ ಎಸಳಿಗೆ.

ಯಾಕಪ್ಪಾ ಹೀಗೆ ಮಾಡಿದೆ ಎಂದು ಸ್ಟುಡಿಯೋದವನನ್ನು ಕೇಳಿದೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾನೆ. ಮಂಗಳಕಾರ್ಯದಲ್ಲಿ ಕಟ್ಟಿಕೊಂಡ ಹೆಂಡತಿ ಗಂಡನ ಮೈಮೇಲಿನ ಬಟ್ಟೆ ಕಿತ್ತುಕೊಳ್ಳುವುದು ನೋಡುವವರ ಕಣ್ಣಿಗೆ ಚೆನ್ನಾಗಿರುವುದಿಲ್ಲ, ಅದಕ್ಕೆ ನೀನು ಹೊದಿಸಿದ್ದನ್ನು ಕತ್ತರಿಸಿ, ಅವ್ವನದನ್ನು ಹಿಂದುಮುಂದಾಗಿ, ನಿಧಾನವಾಗಿ ಓಡಿಸಿದನಂತೆ. ಹಿಂದುಮುಂದಾಗಿ ಓಡಿಸಿದರೆ ಕಿತ್ತುಕೊಳ್ಳುವ ಕೈ ಕೊಡುವ ಕೈಯಾಗುತ್ತದೆ. ಎಷ್ಟು ಸುಲಭ ನೋಡು.

ನಿನ್ನನ್ನು ಬೈದು ಬರೆದ ಕಾಗದವನ್ನು ಹರಿದು ಹಾಕು. ಅದಕ್ಕಿಂತ ಮುಂಚೆ ಮನಸ್ಸಿನಲ್ಲಿ ಬೈದದ್ದಕ್ಕೆ ಕಾಗದವಿಲ್ಲ, ಹರಿಯಲಾಗುವುದಿಲ್ಲ.

ಒಂದು ಕೇಳುತ್ತೇನೆ, ಹೇಳು. ಪಂಚೆ ಎಳೆದುಕೊಂಡ ಮೇಲೆ ಅವ್ವ ನಿನ್ನ ಕಡೆ ತಿರುಗಿ ಏನೋ ಹೇಳುತ್ತಾಳೆ. ತುಟಿ ಆಡುತ್ತದೆ, ಸದ್ದಿಲ್ಲ. ಎಷ್ಟು ಸಲ ನೋಡಿದರೂ ತಿಳಿಯುತ್ತಿಲ್ಲ. ಏನೆಂದಳು?

ಸುಧಾಮಣಿ


ತಿಗನಾರೆ
8 ಜೂನ್ 2025

ಪ್ರೀತಿಯ ತಂಗಿಗೆ,

ಹೇಳುತ್ತೇನೆ. ನಾನು ಹೇಳದೆ ಇದ್ದದ್ದಕ್ಕೆ ಕಾರಣ ಒಂದೇ. ನನ್ನನ್ನು ಬೈದುಕೊಂಡು ನೀನು ಹೇಗೋ ಸಂಸಾರ ಮಾಡುತ್ತಿದ್ದೆ. ಅವ್ವನನ್ನು ಬೈಯಬೇಕಾಗಿ ಬಂದಿದ್ದರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಣ್ಣಂದಿರು ಇರುವುದು ಬೈಸಿಕೊಳ್ಳುವುದಕ್ಕೇ.

ನೀನು ಹೋದ ಮೇಲೆ ಅಪ್ಪ ಜಗುಲಿ ಬಿಟ್ಟು ಒಳಗೆ ಮಲಗಲಿಲ್ಲ. ತಾಳವಾಡಿಯಿಂದ ಬರುವ ಬಸ್ಸು ನಿಂತ ಸದ್ದಾದರೆ ಎದ್ದು ಕೂರುತ್ತಿದ್ದರು. ಯಾರನ್ನು ನೋಡುತ್ತಿದ್ದೀರಿ ಎಂದು ಕೇಳಿದರೆ ಎಮ್ಮೆ ಬಂತೇನೋ ಅಂದುಕೊಂಡೆ ಎನ್ನುತ್ತಿದ್ದರು. ಎಮ್ಮೆ ಬಸ್ಸಿನಲ್ಲಿ ಬರುತ್ತದೆಯೇ? ಅವ್ವ ಅದನ್ನೆಲ್ಲ ನೋಡಿದವಳು. ಅವತ್ತು ಪಂಚೆ ಕಿತ್ತುಕೊಂಡು ಅವಳು ಅಂದದ್ದು ಇಷ್ಟು: ‘ಬಾಗ್ಲ ನೋಡ್ಕಂಡೇ ಪ್ರಾಣ ಬುಟ್ರು. ಆಗ ಬರ್ನಿಲ್ಲ ಅವ, ನಿನ್ ತಂಗಿ. ಈಗ ಬಟ್ಟ ಬಂದದ. ನಾಯಿಗ ಆಸು.’

ನಾಯಿಗೆ ಹಾಸಲಿಲ್ಲ. ಒಳ್ಳೆಯ ನೂಲು, ರಾಗಿ ಒಣಗಿಸಲು ಹಾಸುತ್ತಿದ್ದೆವು. ಹರಿಯುವವರೆಗೆ ಇತ್ತು.

ಈಗ ಇನ್ನೊಂದು ಶುರುವಾಗಿದೆ. ಅವ್ವನ ಕತೆಗಳ ರೀತಿ ನಿನಗೆ ಗೊತ್ತು. ಮೊದಲ ದಿನ ನರಿ ಕೋಳಿಯನ್ನು ಕದಿಯುತ್ತದೆ, ಮೂರನೆಯ ದಿನಕ್ಕೆ ಕೋಳಿಯೇ ನರಿಯನ್ನು ಊಟಕ್ಕೆ ಕರೆದಿರುತ್ತದೆ. ಪೆನ್‌ಡ್ರೈವು ಬಂದಾಗಿನಿಂದ ಮನೆಗೆ ಯಾರು ಬಂದರೂ ಟಿ.ವಿ.ಗೆ ಹಾಕಿಸುತ್ತಾಳೆ. ಮೊದಮೊದಲು ಸುಮ್ಮನೆ ತೋರಿಸುತ್ತಿದ್ದಳು. ಆಮೇಲೆ ‘ಮಗ್ಳ್ ಬಟ್ಟ ಅದು’ ಎನ್ನತೊಡಗಿದಳು. ಈಗ ‘ಎಲ್ಲಾರೂ ಬ್ಯಾಡ ಅಂದ್ರು, ನಾನೇ ಒದಿಸ್ದಿ’ ಎನ್ನುತ್ತಾಳೆ. ಬ್ಯಾಡ ಅಂದ ಎಲ್ಲರಲ್ಲಿ ನಾನೂ ಒಬ್ಬ. ಎದುರಿಗೇ ಕೂತು ಕೇಳಿಸಿಕೊಳ್ಳುತ್ತೇನೆ. ಪಕ್ಕದ ಮನೆಯ ಚೌಡಮ್ಮ ನೋಡಿ ಕಣ್ಣೊರೆಸಿಕೊಂಡು, ‘ಅಸ್ಟ್ ದೊಡ್ಡ ಮನ್ಸು ಮಾಡವಳ ನಿಮ್ಮವ್ವ, ಆ ಮಗ್ಳು ಒಂದ್ ದಿನ ಇತ್ತಗ ತಿರುಗ್ ನೋಡ್ನಿಲ್ವಲ್ಲಪ್ಪ, ಕಲ್ಲು ಕಣಪ್ಪ ಅವ’ ಎಂದಳು. ಊರಿನಲ್ಲಿ ಈಗ ಅದೇ ಮಾತು.

ನಾನು ಬಾಯಿ ಬಿಡಲಾರೆ. ನಿಜವಾದದ್ದು ನಿನ್ನ ಹತ್ತಿರ ಇದೆ. ಊರಿನ ಒಂದು ಫೋನಿಗೆ ಕಳಿಸಿದರೆ ಸಾಕು, ಸಂಜೆಯೊಳಗೆ ಎಲ್ಲರ ಫೋನಿಗೂ ಬರುತ್ತದೆ. ಕಳಿಸಬೇಡ ಎಂದು ಹೇಳುವ ಮುಖ ನನಗಿಲ್ಲ.

ನಿನ್ನ ಅಣ್ಣ
ನಟರಾಜ


ಹಾಸನೂರು
2 ಜುಲೈ 2025

ಅಣ್ಣಾ,

ಕಳಿಸಬೇಕೆಂದು ಫೋನು ಕೈಗೆ ತೆಗೆದುಕೊಂಡೆ. ಕಳಿಸಿದರೆ ಊರಿಗೆ ತಿಳಿಯುವುದೇನು? ಮಗಳು ಕಳಿಸಿದ ಬಟ್ಟೆಯನ್ನು ಹೆತ್ತವಳೇ ಹೆಣದ ಮೇಲಿಂದ ಕಿತ್ತಳು ಎಂದು. ಅದರಿಂದ ನನಗೆ ಬರುವ ಮಾನವೇನು? ಕಳಿಸದಿದ್ದರೆ, ಅವ್ವ ದೊಡ್ಡ ಮನಸ್ಸು ಮಾಡಿದರೂ ಮಗಳು ಕಲ್ಲು. ಎರಡು ಕಡೆಯೂ ನನ್ನನ್ನೇ ಕಟ್ಟಿಹಾಕಿದೆ ಆ ಟೇಪು. ಫೋನನ್ನು ಕೆಳಗಿಟ್ಟೆ.

ಆಗ ಬರ್ನಿಲ್ಲ ಎಂದಳಂತೆ ಅವ್ವ. ಬಂದಿದ್ದೆ ಅಣ್ಣಾ, ಅಪ್ಪ ಬದುಕಿದ್ದಾಗಲೇ. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನಮ್ಮ ದಾಯಾದಿಗಳೇ ಅಡ್ಡ ನಿಂತರು. ನನ್ನನ್ನೇನೂ ಅನ್ನಲಿಲ್ಲ. ಇನ್ನೊಂದು ಸಲ ಬಂದರೆ ಸಿದ್ದೇಶನ ಕಾಲು ಉಳಿಯುವುದಿಲ್ಲ ಎಂದರು. ಅದೇ ಬಸ್ಸಿಗೆ ಹಿಂದಿರುಗಿದೆ. ಆ ಬಸ್ಸಿನ ಸದ್ದಿಗೆ ಅಪ್ಪ ಎದ್ದು ಕೂತಿದ್ದರೇನೋ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವ್ವನಿಗೆ ಹೇಳಿದರೆ ಈಗ ನಂಬುತ್ತಾಳೆಯೇ? ನಂಬಿದರೂ ಏನು ಮಾಡುತ್ತಾಳೆ?

ಬರುವ ಸೋಮವಾರ ಬರುತ್ತೇನೆ. ಯಾರನ್ನೂ ಕೇಳಿಕೊಂಡು ಬರುತ್ತಿಲ್ಲ. ಒಬ್ಬಳೇ ಬರುತ್ತೇನೆ, ಸಂಜೆಗೆ ಹೊರಡುತ್ತೇನೆ. ಜಗಳವಾಡುವುದಿಲ್ಲ. ಅಪ್ಪನ ಮಾತು ಎತ್ತುವುದಿಲ್ಲ. ನನಗೇನು ಗೊತ್ತು, ಏನು ಗೊತ್ತಿಲ್ಲ ಎಂದು ನೀನೂ ಬಾಯಿ ಬಿಡಬೇಡ. ನನಗೆ ಅವ್ವನನ್ನು ನೋಡಬೇಕು, ಅಷ್ಟೆ.

ಸುಧಾಮಣಿ


ತಿಗನಾರೆ
27 ಜುಲೈ 2025

ಸುಧಾಮಣಿ,

ಕ್ಷೇಮವಾಗಿ ತಲುಪಿದೆ ಎಂದು ಜವರ ಹೇಳಿದ. ನೀನು ಹೊರಟ ಮೇಲೆ ನಡೆದದ್ದನ್ನು ಬರೆಯಲು ಇಷ್ಟು ದಿನ ಹಿಡಿಯಿತು.

ಅವತ್ತು ನೀನು ಬಂದಾಗ ಅವ್ವ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟದ್ದನ್ನು ಕಂಡು ನಿನ್ನ ಅತ್ತಿಗೆ ಒಳಗೆ ಹೋಗಿ ಅತ್ತಳು. ಚೌಡಮ್ಮ, ಬೀದಿಯ ಹೆಂಗಸರು ಎಲ್ಲ ಬಂದು ಕೂತರು. ಅವ್ವ ಟಿ.ವಿ. ಹಾಕಿಸಿದಳು. ಎಂದಿನ ಮಾತನ್ನೇ ಹೇಳಿದಳು, ನಿನ್ನೆದುರೇ ಹೇಳಿದಳು. ನೀನು ಹೂಂ ಎಂದೆ. ಊಟ ಮಾಡಿದೆ, ಅವಳ ಕೈಯಿಂದ ಎರಡನೇ ಸಲ ಬಡಿಸಿಕೊಂಡೆ. ಎಲ್ಲ ಸರಿಹೋಯಿತು ಎಂದು ಜನ ಎದ್ದರು. ಬಸ್ಸಿನವರೆಗೆ ನಿನ್ನ ಜೊತೆ ಬಂದ ನಾನೂ ಹಾಗೆಯೇ ಅಂದುಕೊಂಡೆ.

ಮನೆಗೆ ಬಂದರೆ ಅವ್ವ ಇನ್ನೂ ಟಿ.ವಿ. ಮುಂದೆಯೇ ಕೂತಿದ್ದಳು. ಟಿ.ವಿ. ಆರಿಸಿತ್ತು. ‘ಅವಳ್ಗ ಗೊತ್ತದ’ ಎಂದಳು.

ಏನು ಗೊತ್ತಿದೆ, ಏನೂ ಇಲ್ಲ, ನೀನು ಹೇಳಿದ್ದಕ್ಕೆಲ್ಲ ಹೂಂ ಅಂದಳಲ್ಲ ಎಂದೆ.

‘ಗೊತ್ತದ ಕಣ್ಲಾ. ಅಸ್ಟೊತ್ತು ಟಿ.ವಿ. ಓಡ್ತು, ಒಂದ್ಸಲಾನೂ ಅತ್ತಗ ನೋಡ್ನಿಲ್ಲ ಅವ. ನನ್ ಮುಖನೇ ನೋಡ್ತಿದ್ಲು.’

ಎಲೆಯಡಿಕೆ ತೆಗೆಯುತ್ತ ಅಂದಳು.

‘ಇನ್ ಬರಾದ್ ಬ್ಯಾಡ ಅಂತ ಬರಿ.’

ಬರೆದಿದ್ದೇನೆ.

ನಟರಾಜ